ಸಿಸ್ಟಂ ಫೈಲ್ ಕೆಟ್ಟರೆ ಫಾರ್ಮ್ಯಾಟ್ ಒಂದೇ ದಾರಿಯಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುರವಣಿಯಲ್ಲಿ ಕಳೆದ ವಾರ ಪ್ರಕಟವಾದ, ವಿಂಡೋಸ್ ಕಂಪ್ಯೂಟರಿನ ಸಿಸ್ಟಂ ಫೈಲುಗಳು (ವಿಂಡೋಸ್ ನಡೆಯಲು ಬೇಕಾದ ಅದರದೇ ಫೈಲುಗಳು) ಕೆಟ್ಟಾಗ ಏನು ಮಾಡಬೇಕೆಂಬ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಬರಹದಲ್ಲಿ ಎರಡೇ ಪರಿಹಾರಗಳಿದ್ದವು. ಒಂದು, ‘ಒಂದೇ ಕ್ಲಿಕ್‌ನಲ್ಲಿ ಎಲ್ಲವನ್ನೂ ಸರಿಪಡಿಸುವ’ ಉಚಿತ ತಂತ್ರಾಂಶವೊಂದನ್ನು ಡೌನ್‌ಲೋಡ್ ಮಾಡಿಕೊಳ್ಳುವುದು. ಅದರಿಂದ ಆಗದಿದ್ದರೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು, ಅಂದರೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ಮೊದಲನೆಯದು ಅಪಾಯಕಾರಿ, ಎರಡನೆಯದು ಬಹಳಷ್ಟು ಸಲ ಅನವಶ್ಯಕ. ಇವೆರಡರ ನಡುವೆ ಇರುವ, ಖರ್ಚಿಲ್ಲದ ಹೆದ್ದಾರಿಯನ್ನು ಲೇಖಕರು ಪ್ರಸ್ತಾಪಿಸದೇ ಹೋದದ್ದು ನನಗೆ ಆಶ್ಚರ್ಯ ತಂದಿತು.

ನಾನು ವೃತ್ತಿಯಿಂದ ಲೆಕ್ಕಪತ್ರದವನು, ಕಂಪ್ಯೂಟರ್ ತಂತ್ರಜ್ಞನಲ್ಲ. ಆದರೆ ಕಚೇರಿಯಲ್ಲಿ, ಬಂಧುಬಳಗದಲ್ಲಿ ಯಾರ ಯಂತ್ರ ಮೊಂಡು ಹಿಡಿದರೂ ಮೊದಲು ನನ್ನ ಮೇಜಿನ ಮೇಲೆ ಬಂದು ಕೂರುವುದು ಹದಿನೈದು ವರ್ಷಗಳಿಂದ ನಡೆದುಬಂದಿದೆ. ಆ ಅನುಭವದ ಬಲದ ಮೇಲೆ ಹೇಳುವುದಾದರೆ, ಕೆಟ್ಟ ಸಿಸ್ಟಂ ಫೈಲನ್ನು ಸರಿಪಡಿಸುವ ಸಲಕರಣೆ ಆ ಯಂತ್ರದಲ್ಲೇ ಇರುತ್ತದೆ. ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಬೇಕಾಗಿರುವುದು ಕ್ರಮ: ಮೊದಲು ಸ್ವಂತ ಕಡತಗಳ ನಕಲು, ನಂತರ ದುರಸ್ತಿ, ಅದರ ಜೊತೆಜೊತೆಗೇ ಫೈಲ್ ಕೆಟ್ಟದ್ದೇಕೆ ಎಂಬ ವಿಚಾರಣೆ. ನಿಮ್ಮ ಬರಹದಲ್ಲಿ ಈ ಮೂರನೆಯದರ ಸುಳಿವೇ ಇರಲಿಲ್ಲ.

ವಿಂಡೋಸ್‌ನಲ್ಲಿ ಸಿಸ್ಟಂ ಫೈಲ್ ಚೆಕರ್ ಎಂಬ ಉಪಕರಣ 1998ರ ಆವೃತ್ತಿಯಿಂದಲೇ ಇದೆ. ವಿಂಡೋಸ್ 2000ದಿಂದ ವ್ಯವಸ್ಥೆಯ ಮುಖ್ಯ ಫೈಲುಗಳಿಗೆ ಕಾವಲು ಬಂತು. ವಿಂಡೋಸ್ ವಿಸ್ತಾದಿಂದೀಚೆಗೆ ಆ ಫೈಲುಗಳ ಒಡೆತನವನ್ನು ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಸೇವೆಗೆ ಒಪ್ಪಿಸಲಾಗಿದ್ದು, ಯಂತ್ರದ ಅಡ್ಮಿನಿಸ್ಟ್ರೇಟರಿಗೂ (ಪೂರ್ಣ ಅಧಿಕಾರವಿರುವ ಬಳಕೆದಾರನಿಗೂ) ಅವನ್ನು ನೇರವಾಗಿ ತಿದ್ದಲು ಬರುವುದಿಲ್ಲ. ಚೆಕರ್ ಮಾಡುವುದಿಷ್ಟೇ: ಕಾವಲಿನಲ್ಲಿರುವ ಪ್ರತಿಯೊಂದು ಫೈಲನ್ನೂ ಅದರ ಮೂಲ ಗುರುತಿನೊಡನೆ ಹೋಲಿಸಿ, ಹೊಂದದಿದ್ದರೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿನಲ್ಲಿರುವ ಉಗ್ರಾಣದಿಂದ ಒಳ್ಳೆಯ ಪ್ರತಿಯನ್ನು ತೆಗೆದು ಹಾಕುತ್ತದೆ. ನಿಮ್ಮ ಫೋಟೋ, ಪತ್ರ, ಲೆಕ್ಕದ ಹಾಳೆ ಯಾವುದನ್ನೂ ಅದು ಮುಟ್ಟುವುದಿಲ್ಲ.

ಇದನ್ನು ನಡೆಸುವ ರೀತಿಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಮೌಸಿನ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವ ಆಯ್ಕೆಯನ್ನು ಆರಿಸಬೇಕು. ಸಾಮಾನ್ಯವಾಗಿ ತೆರೆದರೆ ಆಜ್ಞೆ ನಡೆಯದೆ ಅಡ್ಮಿನಿಸ್ಟ್ರೇಟರ್ ಆಗಿರಬೇಕೆಂಬ ಒಂದು ಸಾಲು ಮೂಡಿ ಸುಮ್ಮನಾಗುತ್ತದೆ. ಆ ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಫ್‌ಸಿ ಎಂದು ಟೈಪ್ ಮಾಡಿ, ಒಂದು ಅಕ್ಷರದಷ್ಟು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ಅಂಟಿದಂತೆ ಸ್ಕ್ಯಾನ್‌ನೌ ಎಂದು ಒಂದೇ ಪದವಾಗಿ ಬರೆಯಬೇಕು. ಸ್ಕ್ಯಾನ್ ಮತ್ತು ನೌ ಪದಗಳನ್ನು ಬಿಡಿಸಿ ಬರೆದರೆ ಯಂತ್ರ ಒಪ್ಪುವುದಿಲ್ಲ. ನನಗೆ ಫೋನ್ ಮಾಡಿ ‘ನೀವು ಹೇಳಿದ್ದು ಕೆಲಸ ಮಾಡಲಿಲ್ಲ’ ಎಂದು ದೂರಿದವರಲ್ಲಿ ಅನೇಕರು ತಪ್ಪಿದ್ದು ಈ ಖಾಲಿ ಜಾಗದ ವಿಷಯದಲ್ಲೇ.

ಫಲಿತಾಂಶ ಸಾಮಾನ್ಯವಾಗಿ ಮೂರು ಬಗೆಯದು. ದೋಷ ಕಾಣಲಿಲ್ಲ ಎಂದರೆ ತೊಂದರೆಯ ಮೂಲ ಬೇರೆಡೆ ಇದೆ. ದೋಷ ಕಂಡು ಸರಿಪಡಿಸಲಾಗಿದೆ ಎಂದರೆ ಯಂತ್ರವನ್ನು ಮರಳಿ ಆರಂಭಿಸಿ ನೋಡಿದರಾಯಿತು. ಮೂರನೆಯದು, ಕೆಟ್ಟ ಫೈಲುಗಳಿವೆ ಆದರೆ ಕೆಲವನ್ನು ಸರಿಪಡಿಸಲಾಗಲಿಲ್ಲ ಎಂಬ ಸಾಲು. ‘ಫಾರ್ಮ್ಯಾಟ್ ಮಾಡಿ’ ಎಂಬ ತೀರ್ಪು ಹೊರಬೀಳುವುದು ಈ ಸಾಲನ್ನು ಕಂಡ ಕೂಡಲೇ. ವಾಸ್ತವವಾಗಿ ಅದು ತೀರ್ಪು ಕೊಡುವ ಹಂತವಲ್ಲ.

ಇದೇಕೆ ಹೀಗಾಗುತ್ತದೆ ಎಂಬುದು ಸ್ವಾರಸ್ಯಕರವಾಗಿದೆ. ಸಿಸ್ಟಂ32 ಫೋಲ್ಡರಿನಲ್ಲಿ ನಮಗೆ ಕಾಣುವ ಹೆಚ್ಚಿನ ಫೈಲುಗಳು ಪ್ರತ್ಯೇಕ ಪ್ರತಿಗಳೇ ಅಲ್ಲ. ಉಗ್ರಾಣದಲ್ಲಿರುವ ಫೈಲಿಗೆ ಕೊಟ್ಟ ಎರಡನೆಯ ಹೆಸರುಗಳು, ಇವನ್ನು ಹಾರ್ಡ್ ಲಿಂಕ್ ಎನ್ನುತ್ತಾರೆ. ಹೆಸರು ಎರಡಾದರೂ ಡಿಸ್ಕಿನ ಮೇಲಿರುವ ಮಾಹಿತಿ ಒಂದೇ. ಹೀಗಾಗಿ ಡಿಸ್ಕಿನ ಆ ಭಾಗವೇ ಕೆಟ್ಟಾಗ ಎರಡೂ ಕಡೆಯ ಫೈಲು ಒಟ್ಟಿಗೇ ಕೆಡುತ್ತದೆ. ಬಿತ್ತನೆಗೆ ಬೀಜ ಬೇಕೆಂದು ಕಣಜದ ಬಾಗಿಲು ತೆರೆದರೆ ಕಣಜಕ್ಕೇ ಹುಳು ಬಿದ್ದಿರುವ ಸ್ಥಿತಿ ಇದು. ಚೆಕರ್ ಎಷ್ಟು ಸಲ ಓಡಿದರೂ ಕೊಡಲು ಅದರ ಕೈಯಲ್ಲಿ ಒಳ್ಳೆಯ ಪ್ರತಿ ಇರುವುದಿಲ್ಲ. ಅಂದಹಾಗೆ, ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಹತ್ತಾರು ಜಿಬಿ ತಿನ್ನುತ್ತಿದೆ ಎಂದು ಗಾಬರಿಯಾಗಿ ಕೈಯಿಂದಲೇ ಅಳಿಸಲು ಹೊರಡುವವರಿಗೂ ಇದೇ ಉತ್ತರ: ಒಂದೇ ಮಾಹಿತಿ ಎರಡು ಹೆಸರಿನಲ್ಲಿ ಎರಡು ಸಲ ಲೆಕ್ಕಕ್ಕೆ ಬಂದು ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕೈಹಾಕಿದರೆ ಕೆಡದ ಯಂತ್ರವೂ ಕೆಡುತ್ತದೆ.

ಕಣಜವನ್ನು ಸ್ವಚ್ಛಗೊಳಿಸುವುದಕ್ಕೆ ಇರುವುದು ಡಿಐಎಸ್‌ಎಂ ಎಂಬ ಇನ್ನೊಂದು ಉಪಕರಣ. ಅದರ ರಿಸ್ಟೋರ್‌ಹೆಲ್ತ್ ಆಯ್ಕೆ ವಿಂಡೋಸ್ 8ರಿಂದ, ಅಂದರೆ 2012ರಿಂದ ಲಭ್ಯವಿದೆ. ಅದೇ ಕಪ್ಪು ಕಿಟಕಿಯಲ್ಲಿ ಡಿಐಎಸ್‌ಎಂ ಎಂದು ಬರೆದು ಓರೆಗೆರೆಯೊಡನೆ ಆನ್‌ಲೈನ್, ಮತ್ತೆ ಓರೆಗೆರೆಯೊಡನೆ ಕ್ಲೀನಪ್ ಅಡ್ಡಗೆರೆ ಇಮೇಜ್ (ಈ ಮೂರೂ ಅಂಟಿಕೊಂಡಂತೆ), ಕೊನೆಗೆ ಓರೆಗೆರೆಯೊಡನೆ ರಿಸ್ಟೋರ್‌ಹೆಲ್ತ್ ಎಂದು ಒಂದೊಂದರ ನಡುವೆ ಜಾಗ ಬಿಟ್ಟು ಟೈಪ್ ಮಾಡಬೇಕು. ಇಲ್ಲಿ ಆನ್‌ಲೈನ್ ಎಂಬ ಪದವನ್ನು ಕಂಡು ಇಂಟರ್‌ನೆಟ್ ಎಂದುಕೊಳ್ಳುವವರು ಬಹಳ. ಅದರ ಅರ್ಥ ‘ಈಗ ಓಡುತ್ತಿರುವ ವಿಂಡೋಸ್’ ಎಂದಷ್ಟೇ. ಆದರೂ ಇಂಟರ್‌ನೆಟ್ ಸಾಮಾನ್ಯವಾಗಿ ಬೇಕು, ಅದು ಬೇರೆ ಕಾರಣಕ್ಕೆ: ಒಳ್ಳೆಯ ಫೈಲುಗಳನ್ನು ಅದು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್‌ನಿಂದ ತರಿಸಿಕೊಳ್ಳುತ್ತದೆ. ಸಂಪರ್ಕವಿಲ್ಲದ ಕಡೆ, ಅದೇ ಆವೃತ್ತಿಯ ವಿಂಡೋಸ್‌ನ ಐಎಸ್‌ಒ ಫೈಲನ್ನು (ವಿಂಡೋಸ್ ಹಾಕುವ ಡಿಸ್ಕಿನ ಪೂರ್ಣ ನಕಲನ್ನು) ಮೂಲವಾಗಿ ತೋರಿಸಲೂಬಹುದು. ಕೆಲಸ ನಡೆಯುವಾಗ ಶೇಕಡಾವಾರು ಅಂಕಿ ಒಂದೆಡೆ ನಿಂತುಬಿಡುತ್ತದೆ; ನನ್ನ ಮುಂದೆ ಒಮ್ಮೆ 62.3ರಲ್ಲಿ ಇಪ್ಪತ್ತು ನಿಮಿಷ ಅಲುಗಾಡದೆ ನಿಂತು ಆಮೇಲೆ ಒಂದೇ ನೆಗೆತಕ್ಕೆ ನೂರು ಮುಟ್ಟಿತು. ತಾಳ್ಮೆಗೆಟ್ಟು ಕಿಟಕಿ ಮುಚ್ಚಬಾರದು. ಇದು ಮುಗಿದ ಮೇಲೆ ಚೆಕರನ್ನು ಮತ್ತೊಮ್ಮೆ ಓಡಿಸಿದರೆ, ಮೊದಲು ಆಗದು ಎಂದಿದ್ದ ಫೈಲುಗಳು ಬಹುಪಾಲು ಸರಿಹೋಗುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಡಿಐಎಸ್‌ಎಂ ಮೊದಲು, ಚೆಕರ್ ನಂತರ ಎಂಬ ಕ್ರಮವನ್ನೇ ಮೈಕ್ರೋಸಾಫ್ಟ್ ಸಹ ಸೂಚಿಸುತ್ತದೆ.

ಯಂತ್ರ ಡೆಸ್ಕ್‌ಟಾಪ್‌ವರೆಗೆ ಬರುವುದೇ ಇಲ್ಲವೆಂದಾದರೆ ಅಗತ್ಯವಿರುವಷ್ಟನ್ನೇ ತೆರೆಯುವ ಸೇಫ್ ಮೋಡ್ ಇದೆ, ಅದೂ ಆಗದಿದ್ದರೆ ವಿಂಡೋಸ್ ತೆರೆಯದಾಗ ದುರಸ್ತಿಗೆಂದೇ ಇರುವ ರಿಕವರಿ ಪರಿಸರದ ಕಮಾಂಡ್ ಪ್ರಾಂಪ್ಟ್ ಇದೆ. ರಿಕವರಿಯಲ್ಲಿ ಕೆಲಸ ಮಾಡುವವರು ಎರಡು ವಿಷಯ ನೆನಪಿಡಬೇಕು. ನಾವು ದಿನವೂ ಸಿ ಎಂದು ಕರೆಯುವ ಡ್ರೈವಿಗೆ ಅಲ್ಲಿ ಡಿ ಅಥವಾ ಇ ಎಂಬ ಅಕ್ಷರ ಬಂದಿರಬಹುದು, ಆದ್ದರಿಂದ ಮೊದಲು ವಿಂಡೋಸ್ ಫೋಲ್ಡರ್ ಎಲ್ಲಿದೆ ಎಂದು ನೋಡಿಕೊಂಡೇ ಆಜ್ಞೆ ಕೊಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಯಂತ್ರ ಚೆನ್ನಾಗಿರುವಾಗಲೇ ಬರೆದಿಟ್ಟುಕೊಂಡಿರಬೇಕು.

ವಿಂಡೋಸ್ ದೋಷದಿಂದ ನಿಂತುಹೋದಾಗ ಕಾಣುವ ನೀಲಿ ಪರದೆ ಬಂದರೆ ಎಲ್ಲ ಮುಗಿಯಿತು ಎನ್ನುವವರಿಗೆ 2024ರ ಜುಲೈ 19ರ ದಿನವನ್ನು ನೆನಪಿಸಬಯಸುತ್ತೇನೆ. ಅಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳುಹಿಸಿದ ದೋಷಪೂರಿತ ಅಪ್‌ಡೇಟ್ ಒಂದರಿಂದ ಜಗತ್ತಿನಾದ್ಯಂತ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ವಿಮಾನಗಳು ರದ್ದಾದವು, ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು. ಅದು ಸಿಸ್ಟಂ ಫೈಲ್ ಕೆಟ್ಟ ಪ್ರಕರಣವಲ್ಲ, ಭದ್ರತಾ ತಂತ್ರಾಂಶದ ಫೈಲಿನ ತಪ್ಪು. ಆದರೆ ಪರಿಹಾರವೇನಾಗಿತ್ತು? ಸೇಫ್ ಮೋಡ್‌ಗೆ ಹೋಗಿ ಆ ಫೈಲನ್ನು ಅಳಿಸಿ ಮರಳಿ ಆರಂಭಿಸುವುದು. ಅಷ್ಟೂ ಯಂತ್ರಗಳನ್ನು ಫಾರ್ಮ್ಯಾಟ್ ಮಾಡಿ ಎಂದು ಯಾರೂ ಹೇಳಲಿಲ್ಲ.

ಈಗ ಕಾರಣದ ವಿಷಯಕ್ಕೆ ಬರುತ್ತೇನೆ. ಫೈಲುಗಳು ತಮ್ಮಷ್ಟಕ್ಕೆ ತಾವೇ ಕೊಳೆಯುವುದಿಲ್ಲ. ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋಗುವುದು, ‘ಯಂತ್ರ ಆರಿಸಬೇಡಿ’ ಎಂಬ ಸೂಚನೆ ಪರದೆಯ ಮೇಲಿರುವಾಗಲೇ ಪವರ್ ಗುಂಡಿಯನ್ನು ಒತ್ತಿ ಹಿಡಿಯುವುದು, ಡಿಸ್ಕ್ ಸವೆಯುವುದು, ಯಂತ್ರದ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್ ದೋಷ, ಮಾಲ್‌ವೇರ್ ಎಂಬ ಹಾನಿಕಾರಕ ತಂತ್ರಾಂಶ: ಇವಿಷ್ಟು ಮುಖ್ಯ ಕಾರಣಗಳು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡಲು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆ ದಿನಚರಿಯಂತೆ ಬದಲಾವಣೆಗಳನ್ನು ಬರೆದಿಟ್ಟುಕೊಳ್ಳುತ್ತದೆ, ಆದ್ದರಿಂದ ವಿದ್ಯುತ್ ಹೋದರೂ ಭಯವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ದಿನಚರಿ ಕಾಪಾಡುವುದು ಫೈಲುಗಳ ಹೆಸರು, ಜಾಗ, ವಿಳಾಸಗಳಂತಹ ವಿವರಗಳನ್ನು; ಫೈಲಿನ ಒಳಗೆ ಅರ್ಧ ಬರೆದು ನಿಂತ ಮಾಹಿತಿಗೆ ಅದು ಜವಾಬ್ದಾರಿಯಲ್ಲ.

ನನ್ನ ತಂಗಿಯ ಲ್ಯಾಪ್‌ಟಾಪಿನ ಪ್ರಸಂಗ ಈ ಮಾತಿಗೆ ತಕ್ಕ ಉದಾಹರಣೆ. ಸ್ಟಾರ್ಟ್ ಮೆನು ತೆರೆಯುತ್ತಿಲ್ಲವೆಂದು ಅದನ್ನು ತಂದುಕೊಟ್ಟಳು. ಮೇಲೆ ಹೇಳಿದ ಎರಡು ಆಜ್ಞೆಗಳನ್ನು ನಡೆಸಿದೆ, ಸರಿಯಾಯಿತು. ಹದಿನೈದು ದಿನ ಕಳೆಯುವುದರೊಳಗೆ, ‘ಅಣ್ಣಾ, ಈಗ ಪ್ರಿಂಟ್ ಕೊಟ್ಟರೆ ಬರುತ್ತಿಲ್ಲ’ ಎಂದಳು. ಮತ್ತೆ ನಡೆಸಿದೆ, ಮತ್ತೆ ಸರಿಯಾಯಿತು. ಮೂರನೆಯ ಸಲ ತಂದಾಗ ನನಗೆ ಅನುಮಾನ ಬಂದು, ವಿಂಡೋಸ್ ಫೋಲ್ಡರಿನೊಳಗಿನ ಲಾಗ್ಸ್, ಅದರೊಳಗಿನ ಸಿಬಿಎಸ್ ಫೋಲ್ಡರಿನಲ್ಲಿರುವ ಸಿಬಿಎಸ್ ಲಾಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಸಾವಿರಾರು ಸಾಲುಗಳ ಆ ಫೈಲಿನಲ್ಲಿ ಚೆಕರ್ ಬರೆಯುವ ಸಾಲುಗಳಿಗೆ ಚೌಕಾವರಣದೊಳಗೆ ಎಸ್‌ಆರ್ ಎಂಬ ಗುರುತು ಇರುತ್ತದೆ. ಆ ಗುರುತನ್ನು ಹುಡುಕುತ್ತಾ ಹೋದರೆ ಯಾವ ದಿನ ಯಾವ ಫೈಲ್ ಕೆಟ್ಟಿತ್ತು ಎಂಬುದು ಸಿಗುತ್ತದೆ. ಮೂರು ಸಲವೂ ಕೆಟ್ಟದ್ದು ಬೇರೆ ಬೇರೆ ಫೈಲುಗಳು, ಒಂದಕ್ಕೊಂದು ಸಂಬಂಧವೇ ಇಲ್ಲದವು. ಒಂದೇ ಫೈಲ್ ಮತ್ತೆ ಮತ್ತೆ ಕೆಟ್ಟರೆ ಡಿಸ್ಕಿನ ಒಂದು ಜಾಗವನ್ನೋ ಒಂದು ತಂತ್ರಾಂಶವನ್ನೋ ಸಂಶಯಿಸಬಹುದು. ಪ್ರತಿ ಸಲ ಹೊಸದೊಂದು ಕೆಟ್ಟರೆ ಮೊದಲು ನೋಡಬೇಕಾದದ್ದು ರ‍್ಯಾಮ್.

ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ನಡೆಸಿದೆ. ಯಂತ್ರ ಮರಳಿ ಆರಂಭವಾಗಿ, ನೀಲಿ ಹಿನ್ನೆಲೆಯಲ್ಲಿ ಶೇಕಡಾವಾರು ಏರತೊಡಗಿ, ಅರ್ಧ ದಾಟುವ ಮೊದಲೇ ಹಾರ್ಡ್‌ವೇರ್ ತೊಂದರೆ ಕಂಡುಬಂದಿದೆ ಎಂಬ ಸಾಲು ಕೆಳಗೆ ಮೂಡಿತು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ಬಿಚ್ಚಿ, ಇನ್ನೊಂದನ್ನಷ್ಟೇ ಇಟ್ಟು ಪರೀಕ್ಷಿಸಿದಾಗ ದೋಷವಿಲ್ಲ. ಅದಲುಬದಲು ಮಾಡಿದಾಗ ಮತ್ತೆ ಅದೇ ಸಾಲು. ಕೆಟ್ಟ ಪಟ್ಟಿಯನ್ನು ತೆಗೆದುಹಾಕಿದ ಮೇಲೆ ಆ ಲ್ಯಾಪ್‌ಟಾಪಿನಲ್ಲಿ ಒಂದು ಫೈಲೂ ಕೆಟ್ಟಿಲ್ಲ. ರ‍್ಯಾಮ್ ಕೆಟ್ಟಿರುವಾಗ ದುರಸ್ತಿಯ ಆಜ್ಞೆಗಳಿಂದಲೇ ಹಾನಿಯಾಗುವ ಸಂಭವವುಂಟು, ಏಕೆಂದರೆ ಡಿಸ್ಕಿನ ಮೇಲೆ ಸರಿಯಾಗಿರುವ ಫೈಲೂ ರ‍್ಯಾಮಿಗೆ ಬಂದಾಗ ತಪ್ಪಾಗಿ ಕಾಣಬಹುದು, ಅದರ ಬದಲಿಗೆ ಬರೆಯುವ ಪ್ರತಿಯೂ ದಾರಿಯಲ್ಲಿ ಕೆಡಬಹುದು. ಎರಡನೆಯ ಸಲವೇ ನಾನು ಲಾಗ್ ನೋಡಬೇಕಿತ್ತು.

ಡಿಸ್ಕಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಯಂತ್ರದ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಡಿಸ್ಕ್ ಎಂಬ ಮೂಲದಿಂದ 7ನೇ ಸಂಖ್ಯೆಯ ದೋಷ, ಅಂದರೆ ಬ್ಯಾಡ್ ಬ್ಲಾಕ್ (ಡಿಸ್ಕಿನ ಕೆಟ್ಟ ಭಾಗ) ಇದೆಯೆಂಬ ವರದಿ ಮೇಲಿಂದ ಮೇಲೆ ಕಾಣಿಸುತ್ತಿದ್ದರೆ, ಚೆಕ್‌ಡಿಸ್ಕ್ ಆಜ್ಞೆಯನ್ನು ಕೆಟ್ಟ ಭಾಗಗಳನ್ನು ಹುಡುಕುವ ಆರ್ ಆಯ್ಕೆಯೊಡನೆ ಓಡಿಸಿ ರಾತ್ರಿಯಿಡೀ ಬಿಡುವುದು ಜಾಣತನವಲ್ಲ. ಸಾಯುತ್ತಿರುವ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುವುದೆಂದರೆ ಏದುಸಿರು ಬಿಡುವವನನ್ನು ಬೆಟ್ಟ ಹತ್ತಿಸಿದ ಹಾಗೆ. ಮೊದಲು ಬೇಕಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಕೊಳ್ಳಬೇಕು, ವಿಂಡೋಸ್ ತೆರೆಯದಿದ್ದರೆ ಪೆನ್‌ಡ್ರೈವಿನಿಂದ ಓಡುವ ಲಿನಕ್ಸ್ ಮೂಲಕವಾದರೂ ಸರಿ. ನನ್ನ ಸಹೋದ್ಯೋಗಿಯೊಬ್ಬರ ಯಂತ್ರವನ್ನು ದುರಸ್ತಿಗಾರರೊಬ್ಬರು ಕೇಳದೆಯೇ ಫಾರ್ಮ್ಯಾಟ್ ಮಾಡಿಕೊಟ್ಟರು. ಡೆಸ್ಕ್‌ಟಾಪಿನ ಮೇಲಿದ್ದ ಎರಡು ವರ್ಷದ ಕೆಲಸ ಹೋಯಿತು. ಇಪ್ಪತ್ತನೆಯ ದಿನ ಅದೇ ದೋಷ ಮರಳಿತು, ಏಕೆಂದರೆ ಡಿಸ್ಕ್ ಅದೇ ಹಳೆಯದು.

ಇನ್ನು ನಿಮ್ಮ ಬರಹ ಶಿಫಾರಸು ಮಾಡಿದ ‘ಒಂದು ಕ್ಲಿಕ್’ ತಂತ್ರಾಂಶಗಳು. ಈ ಬಗೆಯ ತಂತ್ರಾಂಶ ಸ್ಕ್ಯಾನ್ ಮಾಡಿ ನೂರಾರು ದೋಷಗಳ ಕೆಂಪು ಪಟ್ಟಿಯನ್ನು ಉಚಿತವಾಗಿ ತೋರಿಸುತ್ತದೆ, ಸರಿಪಡಿಸಲು ಹಣ ಕೇಳುತ್ತದೆ. ರೆಸ್ಟೊರೊ ಮತ್ತು ರೀಇಮೇಜ್ ಎಂಬ ಎರಡು ಕಂಪನಿಗಳ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಆರೋಪ ಹೊರಿಸಿತು: ಕಂಪ್ಯೂಟರಿನ ನಿಜಸ್ಥಿತಿ ಹೇಗೇ ಇರಲಿ, ದುರಸ್ತಿ ಬೇಕೆಂದೇ ಸ್ಕ್ಯಾನ್ ಹೇಳುತ್ತಿತ್ತು ಎಂಬುದು ಅದರ ಸಾರ. 2024ರಲ್ಲಿ ಆ ಕಂಪನಿಗಳು 2.6 ಕೋಟಿ ಡಾಲರ್ ತೆರಲು ಒಪ್ಪಿ ಮೊಕದ್ದಮೆಯನ್ನು ಇತ್ಯರ್ಥ ಮಾಡಿಕೊಂಡವು. ವಿಂಡೋಸ್‌ನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯನ್ನು ‘ಶುಚಿಗೊಳಿಸುವ’ ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಬಹಳ ಹಿಂದೆಯೇ ಸ್ಪಷ್ಟಪಡಿಸಿದೆ. ಫೋನ್ ಮಾಡಿ ಈವೆಂಟ್ ವ್ಯೂವರ್ ತೆರೆಸಿ, ‘ನೋಡಿ, ಎಷ್ಟೊಂದು ಕೆಂಪು ಗುರುತು’ ಎಂದು ಹೆದರಿಸುವ ವಂಚಕರದ್ದೂ ಇದೇ ಜಾತಿಯ ವಿದ್ಯೆ. ಆರೋಗ್ಯವಾಗಿರುವ ಯಂತ್ರದಲ್ಲೂ ಅಲ್ಲಿ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಕಾಯಲು ಕರೆತಂದದ್ದೇ ಮೇಯತೊಡಗಿದರೆ ಹೊಲದ ಗತಿಯೇನು?

ತಂತ್ರಾಂಶಗಳು ಹಂಚಿಕೊಂಡು ಬಳಸುವ ಡಿಎಲ್‌ಎಲ್ ಫೈಲುಗಳನ್ನು ಬಿಡಿಬಿಡಿಯಾಗಿ ಹಂಚುವ ತಾಣಗಳೂ ಇವೆ. ಎಂಎಸ್‌ವಿಸಿಪಿ140 ಡಿಎಲ್‌ಎಲ್ ಸಿಗುತ್ತಿಲ್ಲ ಎಂಬ ಸಂದೇಶ ಬಂದ ಕೂಡಲೇ ಆ ಹೆಸರನ್ನು ಹುಡುಕಿ, ಸಿಕ್ಕಿದ್ದನ್ನು ಸಿಸ್ಟಂ32ಕ್ಕೆ ಎಸೆಯುವವರಿದ್ದಾರೆ. ಅಸಲಿಗೆ ಅದು ವಿಂಡೋಸ್‌ನ ಸಿಸ್ಟಂ ಫೈಲ್ ಕೆಟ್ಟ ಸೂಚನೆಯೇ ಅಲ್ಲ. ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಪೊಟ್ಟಣವನ್ನು ಮೈಕ್ರೋಸಾಫ್ಟ್ ತಾಣದಿಂದ ಮತ್ತೆ ಹಾಕಿಕೊಂಡರೆ ಸಾಮಾನ್ಯವಾಗಿ ಮುಗಿಯುತ್ತದೆ.

ಎಲ್ಲ ಮಾಡಿಯೂ ಆಗದಿದ್ದರೆ ಮುಂದಿನ ಹೆಜ್ಜೆ ಆಗಲೂ ಫಾರ್ಮ್ಯಾಟ್ ಅಲ್ಲ. ಓಡುತ್ತಿರುವ ವಿಂಡೋಸ್‌ನ ಮೇಲೆಯೇ ಅದೇ ಆವೃತ್ತಿಯ ಸೆಟಪ್ ನಡೆಸಿ, ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಆರಿಸಿದರೆ, ಸಿಸ್ಟಂ ಫೈಲುಗಳಷ್ಟೇ ಹೊಸದಾಗುತ್ತವೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲೇ ಇದಕ್ಕೊಂದು ಗುಂಡಿಯಿದೆ. ‘ರೀಸೆಟ್’ ಎಂಬುದು ಇದಲ್ಲ. ಅದರಲ್ಲಿ ಫೈಲು ಉಳಿಸಿಕೊಳ್ಳುವ ಆಯ್ಕೆ ಮಾಡಿದರೂ ನೀವು ಹಾಕಿಕೊಂಡಿದ್ದ ತಂತ್ರಾಂಶಗಳು ಹೋಗುತ್ತವೆ. ಮಾಲ್‌ವೇರ್ ಆಳಕ್ಕೆ ಇಳಿದಿರುವ ಯಂತ್ರಕ್ಕೆ ಮಾತ್ರ, ಕಡತಗಳನ್ನು ನಕಲಿಸಿಕೊಂಡ ಮೇಲೆ, ಫಾರ್ಮ್ಯಾಟ್ ಮಾಡುವುದೇ ಸರಿ ಎಂಬುದನ್ನು ಒಪ್ಪುತ್ತೇನೆ.

ನಿಮ್ಮ ಬರಹದ ಕೊನೆಯಲ್ಲಿ ಆ ‘ಒಂದು ಕ್ಲಿಕ್’ ತಂತ್ರಾಂಶದ ಡೌನ್‌ಲೋಡ್ ವಿಳಾಸವನ್ನೂ ಅಚ್ಚು ಮಾಡಿದ್ದೀರಿ. ಪತ್ರಿಕೆಯ ಜಾಲತಾಣದಲ್ಲಿ ಅದೇ ವಿಳಾಸ ಲಿಂಕ್ ಆಗಿ ಈ ಪತ್ರ ಬರೆಯುವ ಹೊತ್ತಿಗೂ ಇದೆ. ಪತ್ರವನ್ನು ಪ್ರಕಟಿಸುವುದು ಬಿಡುವುದು ನಿಮ್ಮ ವಿವೇಚನೆಗೆ ಬಿಟ್ಟದ್ದು; ಆ ಲಿಂಕನ್ನು ಮಾತ್ರ ಇಂದೇ ತೆಗೆಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ